ಥ್ರಿಲ್ಲರ್ ಸಿನಿಮಾದಲ್ಲಿ ಆರ್ಕೆಸ್ಟ್ರಾ ನಮ್ಮನ್ನು ಕಾಯಿಸುವ ಬಗೆ

ಒಬ್ಬಳೇ ಹೆಂಗಸು ಕಾರು ಓಡಿಸಿಕೊಂಡು ಹೋಗುತ್ತಿದ್ದಾಳೆ. ಕತ್ತಲಾಗಿದೆ, ಮಳೆ ಸುರಿಯುತ್ತಿದೆ. ಎದುರಿನ ಗಾಡಿಗಳ ಬೆಳಕು ಕಣ್ಣಿಗೆ ಹೊಡೆಯುತ್ತಿದೆ. ಗಾಜಿನ ಮೇಲೆ ವೈಪರ್ ಆಡುತ್ತಿದೆ. ಇಷ್ಟೇ ದೃಶ್ಯ. ಆ ಹೊತ್ತಿನಲ್ಲಿ ಯಾರೂ ಅವಳ ಬೆನ್ನು ಹತ್ತಿಲ್ಲ, ಯಾರ ಕೈಯಲ್ಲೂ ಆಯುಧವಿಲ್ಲ. ಆದರೂ 1960ರಲ್ಲಿ ಬಂದ ಆಲ್‌ಫ್ರೆಡ್ ಹಿಚ್‌ಕಾಕ್ ಅವರ 'ಸೈಕೋ' ಸಿನಿಮಾದ ಈ ಭಾಗ ನೋಡುವಾಗ ಎದೆ ಢವಢವ ಅನ್ನುತ್ತದೆ. ಸದ್ದು ಪೂರ್ತಿ ತೆಗೆದು ಅದನ್ನೇ ಇನ್ನೊಮ್ಮೆ ನೋಡಿ. ದಣಿದು, ಚಿಂತೆಯಲ್ಲಿರುವ ಒಬ್ಬ ಹೆಂಗಸು ಕಾಣುತ್ತಾಳೆ. ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಆ ಭಯವನ್ನು ತಂದಿಟ್ಟವರು ಚಿತ್ರದ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್. ಅವರ ಪಿಟೀಲುಗಳು ಬಿಡದೆ ಒಂದೇ ವೇಗದಲ್ಲಿ ಓಡುತ್ತಲೇ ಇರುತ್ತವೆ. ಎಲ್ಲೂ ನಿಲ್ಲುವುದಿಲ್ಲ, ಎಲ್ಲಿಗೂ ತಲುಪುವುದಿಲ್ಲ. ಏನೋ ಕೆಟ್ಟದ್ದು ಆಗಲಿದೆ ಅಂತ ಅವು ನಮಗೆ ಮೊದಲೇ ಹೇಳಿಬಿಡುತ್ತವೆ. ಏನು, ಯಾವಾಗ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಥ್ರಿಲ್ಲರ್ ಸಂಗೀತ ಅಂದರೆ ನಮಗೆ ಥಟ್ಟನೆ ನೆನಪಾಗುವುದು ಬಾಗಿಲು ತೆರೆದ ಕೂಡಲೇ ಢಮಾರ್ ಅನ್ನುವ ಸದ್ದು. ಆದರೆ ಬೆಚ್ಚಿಬೀಳುವುದೇ ಬೇರೆ, ಭಯಪಡುವುದೇ ಬೇರೆ. ಬೆಚ್ಚಿಬೀಳುವುದು ದೇಹದ ಕೆಲಸ. ದೊಡ್ಡ ಸದ್ದು ಕಿವಿಗೆ ಬಿದ್ದರೆ ಯೋಚಿಸುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಮೇಲೇರುತ್ತದೆ. ಪಾತ್ರೆ ಬಿದ್ದರೂ ಇದು ಆಗುತ್ತದೆ. ಅದಕ್ಕೆ ಎಂಬತ್ತು ಜನರ ವಾದ್ಯವೃಂದ ಬೇಕಿಲ್ಲ. ಭಯಕ್ಕೆ ಸಮಯ ಬೇಕು. ಮುಂದೇನೋ ಇದೆ ಅಂತ ಗೊತ್ತಾಗಿ, ಅದು ಬರದೆ ಕಾಯುವ ಹೊತ್ತೇ ಭಯದ ಹೊತ್ತು. ಒಳ್ಳೆಯ ಥ್ರಿಲ್ಲರ್‌ನಲ್ಲಿ ಆರ್ಕೆಸ್ಟ್ರಾ ಮಾಡುವ ನಿಜವಾದ ಕೆಲಸ ನಮ್ಮನ್ನು ಹೀಗೆ ಕಾಯಿಸುವುದು. ವಾದ್ಯದ ಆಯ್ಕೆ, ಸ್ವರ, ತಾಳ, ಸುಮ್ಮನಿರುವ ಜಾಗ ಎಲ್ಲವನ್ನೂ ಈ ಕಡೆಯಿಂದ ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ.

ಮುಗಿಯದ ಸ್ವರ

ಸ್ವರದಿಂದಲೇ ಶುರುಮಾಡೋಣ. 'ಸ ರಿ ಗ ಮ ಪ ದ ನಿ' ಅಂತ ಹಾಡಿ 'ನಿ'ಯಲ್ಲಿ ನಿಲ್ಲಿಸಿ ನೋಡಿ. ಕಿವಿ ಒಪ್ಪುವುದಿಲ್ಲ. ಮೇಲಿನ 'ಸ' ಬರಬೇಕು ಅನ್ನಿಸುತ್ತದೆ, ಅಲ್ವಾ? ಸಂಗೀತ ಕಲಿಯದವರಿಗೂ ಹಾಗೆ ಅನ್ನಿಸುತ್ತದೆ. ಕೇಳಿ ಕೇಳಿ ನಮ್ಮ ಕಿವಿ ಮುಂದಿನ ಸ್ವರವನ್ನು ಊಹಿಸುವುದನ್ನು ಕಲಿತಿದೆ. ಊಹಿಸಿದ್ದು ಬಂದರೆ ನೆಮ್ಮದಿ, ಬಾರದಿದ್ದರೆ ಚಡಪಡಿಕೆ.

ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲಿ ಹಲವು ಸ್ವರಗಳು ಒಟ್ಟಿಗೆ ಮೊಳಗುತ್ತವೆ. ಹಾಗೆ ಒಟ್ಟಾಗಿ ಬರುವ ಸ್ವರಗಳ ಗುಂಪೇ ಕಾರ್ಡ್. ಕೆಲವು ಕಾರ್ಡ್‌ಗಳು ಮನೆಗೆ ಬಂದು ಕೂತ ಹಾಗೆ ಕೇಳಿಸುತ್ತವೆ. ಇನ್ನು ಕೆಲವು ಹೊಸ್ತಿಲಲ್ಲೇ ನಿಂತಿರುತ್ತವೆ. ಪ್ರೇಮಕಥೆಯ ಸಂಗೀತ ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ನಿಂತು ಒಳಗೆ ಬರುತ್ತದೆ. ಥ್ರಿಲ್ಲರ್ ಸಂಗೀತ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ, ಆದರೆ ಅದೂ ಮುಗಿಯದ ಕಾರ್ಡೇ. ಹತ್ತು ನಿಮಿಷ ಹೀಗೆ ನಡೆದರೆ ನೋಡುವವರ ದೇಹ ಬಿಗಿಯಾಗಿರುತ್ತದೆ. ಯಾಕೆ ಅಂತ ಅವರಿಗೆ ಗೊತ್ತಿರುವುದಿಲ್ಲ.

1958ರ 'ವರ್ಟಿಗೋ' ಚಿತ್ರದ ಹೆಸರುಗಳು ಬರುವಾಗ ಹರ್ಮನ್ ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿದ್ದಾರೆ. ಕೆಲವು ವಾದ್ಯಗಳು ಸ್ವರಗಳನ್ನು ಬಿಡಿಬಿಡಿಯಾಗಿ ಮೇಲಕ್ಕೆ ಹತ್ತಿಸುತ್ತವೆ. ಅದೇ ಹೊತ್ತಿಗೆ ಇನ್ನು ಕೆಲವು ಕೆಳಕ್ಕೆ ಇಳಿಸುತ್ತವೆ. ಎರಡೂ ತಿರುತಿರುಗಿ ಅಲ್ಲಿಗೇ ಬರುತ್ತವೆ. ಹಿಡಿದುಕೊಳ್ಳಲು ಆಧಾರ ಶ್ರುತಿಯೇ ಸಿಗುವುದಿಲ್ಲ. ಎತ್ತರ ಕಂಡರೆ ತಲೆ ಸುತ್ತುವ ಮನುಷ್ಯನ ಕಥೆ ಅದು. ಕಥೆ ಶುರುವಾಗುವ ಮೊದಲೇ ನಮ್ಮ ತಲೆಯೂ ಸುತ್ತುತ್ತದೆ.

ಸ್ವರಗಳು ಒಂದಕ್ಕೊಂದು ತೀರಾ ಹತ್ತಿರವಾದಾಗ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಇದು ಬರೀ ರೂಢಿಯಲ್ಲ, ಭೌತಶಾಸ್ತ್ರ. ಒಂದು ಪಿಟೀಲು ಸೆಕೆಂಡಿಗೆ 880 ಸಲ ಕಂಪಿಸುವ ಸ್ವರವನ್ನು ನುಡಿಸುತ್ತಿದೆ ಅನ್ನಿ. ಪಕ್ಕದ ಪಿಟೀಲು ಅದಕ್ಕಿಂತ ಅರ್ಧ ಸ್ವರ ಮೇಲೆ, ಅಂದರೆ ಸುಮಾರು 932 ಸಲ ಕಂಪಿಸುವ ಸ್ವರವನ್ನು ಹಿಡಿಯಿತು. ಎರಡೂ ಕಿವಿಯಲ್ಲಿ ಸೇರಿದಾಗ ಸದ್ದು ಒಂದೇ ಸಮನಾಗಿ ಇರುವುದಿಲ್ಲ. ಎರಡರ ನಡುವಿನ ವ್ಯತ್ಯಾಸದಷ್ಟು, ಅಂದರೆ ಸೆಕೆಂಡಿಗೆ 52 ಸಲ ಅದು ಏರಿ ಇಳಿಯುತ್ತದೆ. ಅಷ್ಟು ಬೇಗನೆ ಆಗುವ ಏರಿಳಿತವನ್ನು ಬಿಡಿಬಿಡಿಯಾಗಿ ಎಣಿಸಲು ಕಿವಿಗೆ ಆಗದು. ಅದು ಒಂದು ಒರಟುತನವಾಗಿ, ಕೆರೆತವಾಗಿ ಕೇಳಿಸುತ್ತದೆ.

ಮನುಷ್ಯನ ಕಿರುಚಾಟದಲ್ಲಿ ಇರುವುದೂ ಇದೇ ಒರಟುತನ. ಲುಕ್ ಆರ್ನಾಲ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಿರುಚುವ ದನಿಯನ್ನು ಮಾತಿನ ದನಿಯ ಜೊತೆ ಹೋಲಿಸಿ ನೋಡಿತು. ಮಾತಿನಲ್ಲಿ ಸದ್ದಿನ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲದ ಆಸುಪಾಸಿನಲ್ಲಿರುತ್ತದೆ. ಕಿರುಚಾಟದಲ್ಲಿ ಅದು 30ರಿಂದ 150ರವರೆಗೆ ಹೋಗುತ್ತದೆ. ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗ ಈ ಒರಟು ಸದ್ದಿಗೆ ಜೋರಾಗಿ ಸ್ಪಂದಿಸುತ್ತದೆ ಅಂತಲೂ ಅವರು ಕಂಡರು. ನಮ್ಮ ಎರಡು ಪಿಟೀಲುಗಳ 52 ಇದೇ ವ್ಯಾಪ್ತಿಯೊಳಗೆ ಬೀಳುತ್ತದೆ. ಎತ್ತರದ ಶ್ರುತಿಯಲ್ಲಿ ಪಿಟೀಲುಗಳು ತಿಕ್ಕಾಡಿದಾಗ ಯಾರೋ ಚೀರಿದ ಹಾಗೆ ಅನ್ನಿಸುವುದು ಸುಮ್ನೆ ಅಲ್ಲ.

ಎರಡೇ ಸ್ವರ

ಆದರೆ ಹತ್ತಿರದ ಸ್ವರಗಳೆಂದರೆ ಭಯ ಅಂತ ಸೂತ್ರ ಮಾಡಿಕೊಂಡರೆ ತಪ್ಪಾಗುತ್ತದೆ. 1975ರ 'ಜಾಸ್' ಚಿತ್ರಕ್ಕೆ ಜಾನ್ ವಿಲಿಯಮ್ಸ್ ಬರೆದ ಶಾರ್ಕ್‌ನ ಸಂಗೀತ ಎಲ್ಲರಿಗೂ ಗೊತ್ತು. ಅದರ ಬುಡದಲ್ಲಿ ಇರುವುದು ಎರಡೇ ಸ್ವರ, ಅರ್ಧ ಸ್ವರದ ಅಂತರದಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ ಮತ್ತು ಶುದ್ಧ ರಿಷಭ. ಇವೇ ಎರಡು ಸ್ವರ ಮಾಯಾಮಾಳವಗೌಳ ರಾಗದಲ್ಲೂ ಅಕ್ಕಪಕ್ಕ ಇವೆ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಮೊದಲ ದಿನ ಹಾಡುವ ಸರಳೆ ವರಸೆ ಶುರುವಾಗುವುದೇ ಅವುಗಳಿಂದ. ಅಲ್ಲಿ ಭಯದ ಸುಳಿವೂ ಇಲ್ಲ, ಶಾಂತವಾಗಿದೆ.

ಹಾಗಾದರೆ 'ಜಾಸ್'ನಲ್ಲಿ ಭಯ ಎಲ್ಲಿಂದ ಬಂತು? ಮೊದಲನೆಯದಾಗಿ, ಆ ಸ್ವರಗಳು ತೀರಾ ಕೆಳಗಿನ ಶ್ರುತಿಯಲ್ಲಿವೆ. ಪಿಟೀಲಿನ ಜಾತಿಯ ದೊಡ್ಡ ವಾದ್ಯಗಳಾದ ಚೆಲ್ಲೊ ಮತ್ತು ಡಬಲ್ ಬಾಸ್‌ಗಳ ದಪ್ಪ ತಂತಿಗಳ ಮೇಲೆ ಬರುತ್ತವೆ. ಡಬಲ್ ಬಾಸ್‌ನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಸದ್ದಿನ ಒಂದೊಂದು ಅಲೆ ಎಂಟು ಮೀಟರಿಗಿಂತ ಉದ್ದ. ಅಷ್ಟು ಉದ್ದದ ಅಲೆ ಯಾವ ಕಡೆಯಿಂದ ಬಂತು ಅಂತ ಕಿವಿಗೆ ಹೇಳುವುದು ಕಷ್ಟ. ಸದ್ದು ಇದೆ, ಆದರೆ ಎಲ್ಲಿದೆ ಗೊತ್ತಿಲ್ಲ. ದೊಡ್ಡ ಪ್ರಾಣಿಗೆ ದಪ್ಪ ದನಿ ಅನ್ನುವುದೂ ನಮಗೆ ಯಾರೂ ಹೇಳಿಕೊಡದೆ ತಿಳಿದ ವಿಷಯ.

ಎರಡನೆಯದು, ಅದರ ನಡಿಗೆ. ಎರಡು ಸ್ವರ ಬರುತ್ತದೆ, ನಿಲ್ಲುತ್ತದೆ. ಮತ್ತೆ ಬರುತ್ತದೆ, ನಿಲ್ಲುತ್ತದೆ. ನಡುವಿನ ಬಿಡುವು ಕಡಿಮೆಯಾಗುತ್ತಾ ಹೋಗುತ್ತದೆ. ಆಮೇಲೆ ಬಿಡುವೇ ಇಲ್ಲ. ವೇಗ ಏರಿತು ಅಂದರೆ ಶಾರ್ಕ್ ಹತ್ತಿರ ಬಂತು. ಸದ್ದು ಜೋರಾಯಿತು ಅಂದರೆ ಇನ್ನೂ ಹತ್ತಿರ. ತೆರೆಯ ಮೇಲೆ ಬರೀ ನೀರು ಕಾಣುತ್ತಿದೆ. ದೂರವನ್ನು ನಾವು ಕಿವಿಯಿಂದ ಅಳೆಯುತ್ತಿದ್ದೇವೆ. ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಪದೇ ಪದೇ ಕೈಕೊಟ್ಟಿದ್ದರಿಂದ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಅದನ್ನು ಜಾಸ್ತಿ ತೋರಿಸಲಾಗಲಿಲ್ಲ. ಶಾರ್ಕ್ ಪಾತ್ರದ ಬಹುಪಾಲನ್ನು ಆಡಿದ್ದು ಆ ಎರಡು ಸ್ವರಗಳೇ. ಮೊದಲ ಸಲ ವಿಲಿಯಮ್ಸ್ ಪಿಯಾನೋದಲ್ಲಿ ನುಡಿಸಿ ತೋರಿಸಿದಾಗ ಸ್ಪೀಲ್‌ಬರ್ಗ್ ತಮಾಷೆ ಅಂದುಕೊಂಡು ನಕ್ಕಿದ್ದರಂತೆ. ಕೊನೆಗೆ ಆ ಸಂಗೀತಕ್ಕೆ ಆಸ್ಕರ್ ಬಂತು.

ಮೂರನೆಯ ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಚಿತ್ರದ ನಡುವೆ ಇಬ್ಬರು ಹುಡುಗರು ನಕಲಿ ರೆಕ್ಕೆ ಇಟ್ಟುಕೊಂಡು ಈಜಿ ಎಲ್ಲರನ್ನೂ ಹೆದರಿಸುತ್ತಾರೆ. ನೀರಿನ ಮೇಲೆ ಶಾರ್ಕ್‌ನ ರೆಕ್ಕೆ ಕಾಣುತ್ತದೆ, ಜನ ಓಡುತ್ತಾರೆ. ಆದರೆ ಆ ಎರಡು ಸ್ವರ ಬರುವುದಿಲ್ಲ. ಸಂಗೀತ ಅಲ್ಲಿ ಸುಳ್ಳು ಹೇಳಲಿಲ್ಲ. ಹೀಗೆ ನಡೆದುಕೊಂಡು ಅದು ನಮ್ಮ ನಂಬಿಕೆ ಗಳಿಸುತ್ತದೆ. ಸ್ವರ ಕೇಳಿದರೆ ಶಾರ್ಕ್ ಇದೆ, ಕೇಳದಿದ್ದರೆ ಇಲ್ಲ ಅಂತ ನಾವು ಪಾಠ ಕಲಿತುಬಿಡುತ್ತೇವೆ. ಆಮೇಲೆ ಒಂದು ದಿನ ಪೊಲೀಸ್ ಮುಖ್ಯಸ್ಥ ದೋಣಿಯ ಹಿಂಬದಿಯಲ್ಲಿ ನಿಂತು ನೀರಿಗೆ ಮೀನಿನ ತುಂಡು ಎಸೆಯುತ್ತಿದ್ದಾನೆ. ಯಾವ ಸ್ವರವೂ ಇಲ್ಲ. ಆಗ ಶಾರ್ಕ್ ತಲೆ ಎತ್ತುತ್ತದೆ! ಅಷ್ಟು ಹೊತ್ತು ಕಟ್ಟಿದ ನಂಬಿಕೆಯನ್ನು ಒಂದೇ ಏಟಿಗೆ ಮುರಿಯುವುದು ಅಂದರೆ ಇದು. ನಂಬಿಕೆ ಕಟ್ಟದೆ ಮುರಿಯಲು ಆಗುವುದಿಲ್ಲ. ಪ್ರತಿ ಬಾಗಿಲಿಗೂ, ಪ್ರತಿ ನೆರಳಿಗೂ ಗುಡುಗುವ ಚಿತ್ರಗಳು ನಮ್ಮನ್ನು ಅರ್ಧ ಗಂಟೆಯಲ್ಲಿ ಮರಗಟ್ಟಿಸುವುದು ಇದೇ ಕಾರಣಕ್ಕೆ.

ಒಂದೇ ತಂತಿ, ಹತ್ತು ದನಿ

ಥ್ರಿಲ್ಲರ್‌ಗಳಲ್ಲಿ ತಂತಿವಾದ್ಯಗಳಿಗೆ ಯಾಕಿಷ್ಟು ಕೆಲಸ? ಕಮಾನು ಹಿಡಿದವರು ಒಂದೇ ಸ್ವರವನ್ನು ಉಸಿರು ತೆಗೆಯದೆ ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಊದುವ ವಾದ್ಯದವರಿಗೆ ಆ ಅನುಕೂಲ ಇಲ್ಲ. ಇನ್ನೊಂದು, ಸ್ವರ ಬದಲಾಯಿಸದೆ ಅದರ ಬಣ್ಣವನ್ನಷ್ಟೇ ಬದಲಾಯಿಸುವ ದಾರಿಗಳು ಪಿಟೀಲಿನಲ್ಲಿ ಬೇಕಾದಷ್ಟಿವೆ.

ಕಮಾನನ್ನು ತುದಿಯಲ್ಲಿ ಚಿಕ್ಕದಾಗಿ, ಬೇಗ ಬೇಗ ಹಿಂದೆ ಮುಂದೆ ಆಡಿಸಿದರೆ ಸ್ವರ ನಡುಗುತ್ತದೆ. ಇದು ಟ್ರೆಮೊಲೊ. ಒಬ್ಬರು ನುಡಿಸಿದರೆ ನಡುಕ, ಹದಿನಾರು ಜನ ಮೆಲ್ಲಗೆ ನುಡಿಸಿದರೆ ಗಾಳಿಯೇ ಬಿಗಿದಂತಾಗುತ್ತದೆ. ಕಮಾನನ್ನು ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡಿನ, ಹತ್ತಿರಕ್ಕೆ ತಂದು ಉಜ್ಜಿದರೆ ದನಿಯ ತಿರುಳು ಹೋಗಿ ಗಾಜಿನಂಥ, ಲೋಹದಂಥ ಕೀರಲು ಮಾತ್ರ ಉಳಿಯುತ್ತದೆ. ತಂತಿಯನ್ನು ಒತ್ತದೆ ಬೆರಳನ್ನು ಸುಮ್ನೆ ತಾಗಿಸಿದರೆ ಸಿಳ್ಳೆಯಂಥ ತೆಳ್ಳನೆಯ ಸ್ವರ ಬರುತ್ತದೆ. ಕಮಾನು ಬಿಟ್ಟು ಬೆರಳಿನಿಂದ ಮೀಟಿದರೆ ಯಾರೋ ಕಳ್ಳಹೆಜ್ಜೆ ಇಟ್ಟ ಹಾಗೆ. ಕಮಾನನ್ನು ತಿರುಗಿಸಿ ಮರದ ಬದಿಯಿಂದ ತಂತಿಗೆ ತಟ್ಟಿದರೆ ಒಣ ಕಡ್ಡಿ ಮುರಿದ ಹಾಗೆ. ಕುದುರೆಯ ಮೇಲೆ ಮ್ಯೂಟ್ ಅನ್ನುವ ಪುಟ್ಟ ತುಂಡನ್ನು ಸಿಕ್ಕಿಸಿದರೆ ದನಿ ಮಂಕಾಗಿ, ಬಾಗಿಲ ಆಚೆಯಿಂದ ಬಂದಂತಾಗುತ್ತದೆ.

'ಸೈಕೋ'ದಲ್ಲಿ ಹರ್ಮನ್ ಈ ಮ್ಯೂಟನ್ನು ಬಳಸಿದ ರೀತಿ ಅದ್ಭುತ. ಆ ಚಿತ್ರಕ್ಕೆ ಅವರು ತಂತಿವಾದ್ಯ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ತುತ್ತೂರಿ ಇಲ್ಲ, ಕೊಳಲಿಲ್ಲ, ಡ್ರಮ್ ಕೂಡ ಇಲ್ಲ. ಕಪ್ಪುಬಿಳುಪು ಚಿತ್ರಕ್ಕೆ ಕಪ್ಪುಬಿಳುಪಿನ ಸದ್ದು ಬೇಕು ಅನ್ನುವುದು ಅವರ ಯೋಚನೆ. ಚಿತ್ರದುದ್ದಕ್ಕೂ ವಾದ್ಯಗಳಿಗೆ ಮ್ಯೂಟ್ ಹಾಕಿಸಿದರು. ಒಂದು ಕಡೆ ಮಾತ್ರ ತೆಗೆಸಿದರು, ಅದು ಸ್ನಾನದ ಮನೆಯ ಕೊಲೆಯ ದೃಶ್ಯ. ಅಲ್ಲಿಯವರೆಗೆ ಮುಚ್ಚಿಕೊಂಡೇ ಇದ್ದ ದನಿ ಏಕಾಏಕಿ ಬಯಲಿಗೆ ಬರುತ್ತದೆ. ಪಿಟೀಲುಗಳು ತೀರಾ ಎತ್ತರದಲ್ಲಿ, ಒಂದಕ್ಕೊಂದು ಹೊಂದದ ಸ್ವರಗಳಲ್ಲಿ ಚೀರುತ್ತವೆ. ಚೀರಾಟ ಮುಗಿದ ಮೇಲೆ ಚೆಲ್ಲೊ, ಬಾಸ್‌ಗಳು ಕೆಳಗಿನ ಶ್ರುತಿಯಲ್ಲಿ ಭಾರವಾಗಿ ಇಳಿಯುತ್ತವೆ. ಆ ಸಂಗೀತ ಇಷ್ಟು ಕೆಲಸ ಮಾಡುವುದು ಅದರೊಳಗಿನ ಚೀರಾಟಕ್ಕೆ ಮಾತ್ರ ಅಲ್ಲ. ಅದಕ್ಕೂ ಮೊದಲಿನ ಅಷ್ಟು ಹೊತ್ತಿನ ಮಂಕುತನವೂ ಅದರ ಪಾಲುದಾರ. ಈ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಮೊದಲು ಹೇಳಿದ್ದರು. ಹರ್ಮನ್ ಬರೆದು ಕೇಳಿಸಿದ ಮೇಲೆ ಒಪ್ಪಿಕೊಂಡರು.

ಉಳಿದ ವಾದ್ಯಗಳ ಪಾಲು ಚಿಕ್ಕದು ಅಂತ ಅಲ್ಲ. ಟ್ರೊಂಬೋನ್, ಟೂಬಾಗಳು ಕೆಳಗಿನ ಸ್ವರವನ್ನು ಗುರುಗುಟ್ಟಿಸಿದರೆ ಅಧಿಕಾರದ, ಬಲದ ಭಯ ಬರುತ್ತದೆ. ಒಂಟಿ ಕ್ಲಾರಿನೆಟ್ ಕೆಳಗಿನ ಸ್ವರದಲ್ಲಿ ಮೆಲ್ಲಗೆ ಸುಳಿದರೆ ಅನುಮಾನ ಹುಟ್ಟುತ್ತದೆ. ಹಾರ್ಪ್, ಸೆಲೆಸ್ಟಾದಂಥ ಮಕ್ಕಳ ಆಟಿಕೆಯನ್ನು ನೆನಪಿಸುವ ದನಿಗಳು ಕೊಲೆಯ ಜಾಗದಲ್ಲಿ ಕೇಳಿಸಿದರೆ ಮೈ ಜುಮ್ಮೆನ್ನುತ್ತದೆ. ಟಿಂಪನಿ ಎಂಬ ನಗಾರಿಯಂಥ ವಾದ್ಯದ ಮೆಲುವಾದ ಬಡಿತ ಎದೆಬಡಿತವನ್ನು ನೆನಪಿಸುತ್ತದೆ. ಇದನ್ನು ಎಷ್ಟು ಚಿತ್ರಗಳು ಬಳಸಿವೆ ಅಂದರೆ ಈಗ ಅದರ ಮೊನಚು ಸ್ವಲ್ಪ ಸವೆದಿದೆ.

ಏರುತ್ತಲೇ ಇರುವ ಸ್ವರ ಇನ್ನೊಂದು ತಂತ್ರ. ನಿಜವಾಗಿ ಏರುತ್ತಾ ಹೋದರೆ ವಾದ್ಯದ ಮಿತಿ ಬೇಗ ಮುಗಿಯುತ್ತದೆ. ಮನೋವಿಜ್ಞಾನಿ ರೋಜರ್ ಶೆಪರ್ಡ್ 1964ರಲ್ಲಿ ಕಿವಿಗೆ ಮೋಸ ಮಾಡುವ ಒಂದು ದಾರಿ ತೋರಿಸಿದರು. ಒಂದು ಸ್ಥಾಯಿ ಅಂತರದಲ್ಲಿರುವ ಹಲವು ಸ್ವರಗಳನ್ನು ಒಟ್ಟಿಗೆ ಏರಿಸಬೇಕು. ಮೇಲಿನದು ಮೇಲೆ ಹೋದ ಹಾಗೆ ಕ್ಷೀಣಿಸಬೇಕು, ಕೆಳಗೆ ಹೊಸದೊಂದು ಸದ್ದಿಲ್ಲದೆ ಸೇರಿಕೊಳ್ಳಬೇಕು. ಕೇಳುವವರಿಗೆ ಸ್ವರ ಕೊನೆಯಿಲ್ಲದೆ ಏರುತ್ತಿದೆ ಅನ್ನಿಸುತ್ತದೆ. 2017ರ 'ಡಂಕರ್ಕ್' ಚಿತ್ರದಲ್ಲಿ ಹ್ಯಾನ್ಸ್ ಜಿಮ್ಮರ್ ಇದನ್ನು ಧಾರಾಳವಾಗಿ ಬಳಸಿದ್ದಾರೆ. ಅದು ಯುದ್ಧದ ಚಿತ್ರವಾದರೂ ಕಟ್ಟಿರುವುದು ಥ್ರಿಲ್ಲರ್‌ನ ಹಾಗೆ. ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರ ಗಡಿಯಾರದ ಟಿಕ್ ಟಿಕ್ ಸದ್ದೂ ಅದರಲ್ಲಿ ಬೆರೆತಿದೆ.

ಯಾರಿಗೆ ಮೊದಲು ಗೊತ್ತಾಗಬೇಕು

ಸ್ವರ, ವಾದ್ಯ ಎಲ್ಲ ಸರಿ. ಆದರೆ ಸಂಗೀತ ಯಾವ ಕ್ಷಣದಲ್ಲಿ ಶುರುವಾಗಬೇಕು ಅನ್ನುವ ತೀರ್ಮಾನ ಇವೆಲ್ಲಕ್ಕಿಂತ ದೊಡ್ಡದು. ಸಂಕಲನ ಮುಗಿದ ಮೇಲೆ ನಿರ್ದೇಶಕ ಮತ್ತು ಸಂಗೀತ ನಿರ್ದೇಶಕ ಕೂತು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಎಲ್ಲಿ ಸಂಗೀತ ಬರಬೇಕು, ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕುತ್ತಾರೆ. ಇದಕ್ಕೆ ಸ್ಪಾಟಿಂಗ್ ಅನ್ನುತ್ತಾರೆ.

ನಾಯಕಿ ಮನೆಯೊಳಗೆ ಬರುತ್ತಾಳೆ ಅಂದುಕೊಳ್ಳಿ. ಒಳಗೆ ಯಾರೋ ಅಡಗಿದ್ದಾರೆ. ಅವಳು ನೆಲದ ಮೇಲಿನ ಕೆಸರಿನ ಹೆಜ್ಜೆ ನೋಡಿದ ಕ್ಷಣಕ್ಕೆ ಸಂಗೀತ ಬಂದರೆ ನಾವು ಅವಳ ಜೊತೆಗೇ ಹೆದರುತ್ತೇವೆ. ಅವಳು ಇನ್ನೂ ಕೀಲಿ ತಿರುಗಿಸುತ್ತಿರುವಾಗಲೇ ಬಾಸ್‌ನ ಒಂದು ಸ್ವರ ತೆಳ್ಳಗೆ ಹುಟ್ಟಿದರೆ ಅವಳಿಗಿಂತ ಮೊದಲು ನಮಗೆ ಗೊತ್ತಾಯಿತು. ಆಗ ನಮ್ಮ ಭಯ ಅವಳಿಗಾಗಿ. 'ಒಳಗೆ ಹೋಗಬೇಡ' ಅಂತ ಕೂಗಬೇಕು ಅನ್ನಿಸುತ್ತದೆ. ಸಂಗೀತವೇ ಇಲ್ಲದೆ ಅವಳು ಹೆಜ್ಜೆ ಗುರುತನ್ನು ನೋಡಿ, ಏನೂ ಮಾತಾಡದೆ ನಿಂತರೆ ಮೂರನೆಯ ಬಗೆಯ ಭಯ. ಅಲ್ಲಿ ಯಾರೂ ನಮಗೆ ದಾರಿ ತೋರಿಸುತ್ತಿಲ್ಲ. ಒಂದೇ ದೃಶ್ಯ, ಒಂದೇ ನಟನೆ. ಸಂಗೀತ ಬರುವ ಜಾಗ ಬದಲಾದರೆ ಕಥೆಯಲ್ಲಿ ನಾವು ನಿಂತಿರುವ ಜಾಗವೇ ಬದಲಾಗುತ್ತದೆ.

ಯಾರಿಗೆ ಎಷ್ಟು ಗೊತ್ತು ಅನ್ನುವ ಈ ಆಟವನ್ನು ತೆರೆಯ ಮೇಲೆಯೇ ಆಡಿ ತೋರಿಸಿದ ಚಿತ್ರ ಹಿಚ್‌ಕಾಕ್ ಅವರ 1956ರ 'ದಿ ಮ್ಯಾನ್ ಹೂ ನ್ಯೂ ಟೂ ಮಚ್'. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಛೇರಿ ನಡೆಯುತ್ತಿದೆ. ಸಂಗೀತದಲ್ಲಿ ಸಿಂಬಲ್‌ಗಳು, ಅಂದರೆ ದೊಡ್ಡ ತಾಳದಂಥ ಲೋಹದ ತಟ್ಟೆಗಳು, ಒಂದೇ ಒಂದು ಸಲ ಬಡಿಯುತ್ತವೆ. ಆ ಸದ್ದಿನಲ್ಲಿ ಗುಂಡಿನ ಸದ್ದು ಮುಚ್ಚಿಹೋಗಲಿ ಅಂತ ಕೊಲೆಗಾರ ಅದೇ ಕ್ಷಣಕ್ಕೆ ಕಾಯುತ್ತಿದ್ದಾನೆ. ಆ ಭಾಗವನ್ನು ಧ್ವನಿಮುದ್ರಿಕೆಯಿಂದ ನಮಗೂ ಮೊದಲೇ ಕೇಳಿಸಿದ್ದಾರೆ. ಹಾಗಾಗಿ ಸಿಂಬಲ್ ಎಲ್ಲಿ ಬರುತ್ತದೆ ಅಂತ ನಮಗೆ ಗೊತ್ತು. ಸುಮಾರು 12 ನಿಮಿಷ ಯಾರ ಮಾತೂ ಇಲ್ಲ, ಬರೀ ಆರ್ಕೆಸ್ಟ್ರಾ ಮತ್ತು ಗಾಯನವೃಂದ. ಸಿಂಬಲ್ ನುಡಿಸುವಾತ ಎದ್ದು ನಿಲ್ಲುವುದನ್ನು ನೋಡಿದಾಗ ಉಸಿರು ನಿಲ್ಲುತ್ತದೆ. ವೇದಿಕೆಯಲ್ಲಿ ನಿಂತು ವಾದ್ಯವೃಂದವನ್ನು ನಡೆಸುತ್ತಿರುವವರು ಹರ್ಮನ್ ಅವರೇ. ಆ ಸಂಗೀತ ಭಯಾನಕವಾದದ್ದೇನಲ್ಲ, ಅದೊಂದು ಗಂಭೀರವಾದ ಕಛೇರಿ ಕೃತಿ. ಕಾಯುತ್ತಿದ್ದೇವೆ ಅನ್ನುವ ಒಂದೇ ಕಾರಣಕ್ಕೆ ಅದು ಭಯ ಹುಟ್ಟಿಸುತ್ತದೆ. ಈ ಲೇಖನದಲ್ಲಿ ಹೇಳಬೇಕೆಂದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇದೇ ಹಿಚ್‌ಕಾಕ್, ಇದೇ ಹರ್ಮನ್ 1963ರ 'ದಿ ಬರ್ಡ್ಸ್'ನಲ್ಲಿ ಆರ್ಕೆಸ್ಟ್ರಾವನ್ನು ಪೂರ್ತಿ ಕೈಬಿಟ್ಟರು. ಹಿನ್ನೆಲೆ ಸಂಗೀತವೇ ಇಲ್ಲ. ಟ್ರಾಟೋನಿಯಂ ಎಂಬ ವಿದ್ಯುತ್ ವಾದ್ಯದಿಂದ ಹುಟ್ಟಿಸಿದ ಹಕ್ಕಿಗಳ ಸದ್ದು ಮತ್ತು ಮೌನ, ಇಷ್ಟೇ. ಹರ್ಮನ್ ಧ್ವನಿ ಸಲಹೆಗಾರರಾಗಿ ಜೊತೆಗಿದ್ದರು. ಹಕ್ಕಿಗಳು ಯಾಕೆ ಎರಗುತ್ತಿವೆ ಅಂತ ಚಿತ್ರ ಹೇಳುವುದೇ ಇಲ್ಲ. ಸಂಗೀತ ಇದ್ದಿದ್ದರೆ ಅದು ಏನನ್ನಾದರೂ ಹೇಳಿಬಿಡುತ್ತಿತ್ತು. ಅಲ್ಲಿ ಅದು ಇಲ್ಲದ್ದೇ ಸರಿ.

ಫ್ರೇಮಿನ ಲೆಕ್ಕ, ಮನುಷ್ಯರ ಕೈ

ಸ್ವರ ಬರೆದಾದ ಮೇಲೆ ಅದನ್ನು ಚಿತ್ರಕ್ಕೆ ಕೂರಿಸುವುದು ಲೆಕ್ಕದ ಕೆಲಸ. ಚಿತ್ರ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ನಿಮಿಷಕ್ಕೆ 120 ಬಡಿತದ ಸಂಗೀತವಾದರೆ 12 ಫ್ರೇಮಿಗೊಂದು ಬಡಿತ. ಚಾಕು ಮಿಂಚುವ ಫ್ರೇಮ್ ಯಾವುದು, ಅದಕ್ಕೆ ಎಷ್ಟನೆಯ ಬಡಿತ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕುತ್ತಾರೆ. ವಾದಕರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕ್ಲಿಕ್ ಅನ್ನುವ ತಾಳ ಕೇಳುತ್ತಾ ನುಡಿಸುತ್ತಾರೆ. ತೆರೆಯ ಮೇಲಿನ ಪ್ರತಿ ಚಲನೆಗೂ ಸಂಗೀತ ತಾಳ ಹಾಕಿದರೆ ಕಾರ್ಟೂನಿನ ಹಾಗಾಗುತ್ತದೆ. ಯಾವುದಕ್ಕೆ ಹಾಕಬಾರದು ಅನ್ನುವ ವಿವೇಕ ಬೇಕು.

ಮಾತಿಗೂ ಜಾಗ ಬಿಡಬೇಕು. ನಾವಾಡುವ ಮಾತು ಸದ್ದಿನ ಹರವಿನ ನಡುಭಾಗದಲ್ಲಿ ಕೂತಿರುತ್ತದೆ. ಅಲ್ಲಿಗೆ ಹಾರ್ನ್, ವಿಯೋಲಾಗಳನ್ನು ತುಂಬಿದರೆ ಸಂಭಾಷಣೆ ಕೇಳಿಸುವುದಿಲ್ಲ. ಹಾಗಾಗಿ ಬರೆಯುವವರು ತಳದಲ್ಲಿ ಬಾಸ್‌ನ ಒಂದು ಸ್ವರ, ತುದಿಯಲ್ಲಿ ಪಿಟೀಲಿನ ತೆಳ್ಳನೆಯ ಎಳೆ ಇಟ್ಟು ನಡುವೆ ಖಾಲಿ ಬಿಡುತ್ತಾರೆ. ಅನುಕೂಲಕ್ಕೆ ಮಾಡಿಕೊಂಡ ಈ ಏರ್ಪಾಡಿನಿಂದ ಇನ್ನೊಂದು ಲಾಭವೂ ಆಗುತ್ತದೆ. ನಡುವೆ ಏನೂ ಇಲ್ಲದ ಆ ಸದ್ದು ಪಾಳುಮನೆಯಂತೆ ಕೇಳಿಸುತ್ತದೆ.

ಈಗ ಕಂಪ್ಯೂಟರಿನಲ್ಲಿ ಕೂತು ಇಡೀ ಆರ್ಕೆಸ್ಟ್ರಾದ ಸದ್ದು ಹೊರಡಿಸಬಹುದು. ಉದ್ದನೆಯ ಒಂದು ಸ್ವರ, ಜೋರಾದ ಒಂದು ಬಡಿತ ಇವುಗಳನ್ನು ಅದು ಚೆನ್ನಾಗಿಯೇ ಕೊಡುತ್ತದೆ. ಸಣ್ಣ ಬಜೆಟ್ಟಿನ ಎಷ್ಟೋ ಚಿತ್ರಗಳಿಗೆ ಅದೇ ಆಸರೆ. ಆದರೆ ಹದಿನಾರು ಜನ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಟ್ರೆಮೊಲೊ ಶುರುಮಾಡುವಾಗ ಯಾರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಟ್ಟಿಗೆ ಶುರುಮಾಡುವುದಿಲ್ಲ. ಒಬ್ಬರ ಕಮಾನು ಚೂರು ಮೊದಲು ತಂತಿಗೆ ತಾಗುತ್ತದೆ, ಇನ್ನೊಬ್ಬರದು ಚೂರು ತಡ. ಒಬ್ಬರ ಶ್ರುತಿ ಒಂದು ಎಳೆ ಮೇಲೆ, ಇನ್ನೊಬ್ಬರದು ಕೆಳಗೆ. ಸ್ವರ ಎಲ್ಲಿ ಹುಟ್ಟಿತು ಅಂತ ಹೇಳಲಾಗುವುದಿಲ್ಲ, ಯಾವಾಗಲೋ ಅಲ್ಲಿ ಬಂದು ಕೂತಿರುತ್ತದೆ. ಅದು ಬೇಕು ಅನ್ನುವ ನಿರ್ದೇಶಕರು ಇವತ್ತಿಗೂ ದುಬಾರಿಯಾದರೂ ಸ್ಟುಡಿಯೋ ಗೊತ್ತುಮಾಡಿ, ವಾದಕರನ್ನು ಕರೆಸಿ ನುಡಿಸುತ್ತಾರೆ.